ಧೂಳೇಳದ ದಾರಿ

“ಮೂರೂ ತಪ್ಪು!”

ಸಹನಾಳ ಇಯರ್‌ಫೋನಿನಲ್ಲಿ ಗಂಡಸಿನ ದನಿಯೊಂದು ಗುಡುಗಿತು. ಕಾರ್ಯಕ್ರಮ ಲೈವ್ ಹೋಗುತ್ತಿತ್ತು. ಅವಳು ಕುರ್ಚಿಯಲ್ಲೇ ಒಮ್ಮೆ ಬೆಚ್ಚಿ, ಆಮೇಲೆ ಕ್ಯಾಮೆರಾ ನೆನಪಾಗಿ ನಕ್ಕಳು.

ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯೊಂದರ ಮಹಡಿಯ ಮೇಲಿನ ಪುಟ್ಟ ಕೋಣೆಯಿಂದ ಪ್ರತಿ ಭಾನುವಾರ ಸಂಜೆ ಬರುವ ಯೂಟ್ಯೂಬ್ ಕಾರ್ಯಕ್ರಮ ಅದು. ಹೆಸರು ‘ಹೆಸರಿನ ಜಾಡು’. ಸುತ್ತಮುತ್ತಲ ಬ್ಯಾಂಡುಗಳಿಗೆ ಆ ಹೆಸರು ಹೇಗೆ ಬಂತು, ಹಾಡಿಗೆ ಆ ಹೆಸರು ಯಾಕೆ ಇಟ್ಟರು ಎಂದು ಸಹನಾ ಕೆದಕುತ್ತಿದ್ದಳು. ನೋಡುವವರು ಫೋನ್ ಮಾಡಿ ಜಗಳವಾಡುತ್ತಿದ್ದರು. ಜಗಳ ಜೋರಾದಷ್ಟೂ ಚಾನೆಲ್ ಮಾಲೀಕ ಪಾಪಣ್ಣನವರಿಗೆ ಖುಷಿ.

ಆವತ್ತಿನ ಜಗಳ ‘ಸೀಳುಗಿವಿ’ ಬ್ಯಾಂಡಿನ ಬಗ್ಗೆ. ಅವರ ಗದ್ದಲಕ್ಕೆ ಕೇಳುವವರ ಕಿವಿ ಸೀಳುತ್ತದೆ, ಅದಕ್ಕೇ ಆ ಹೆಸರು ಎಂದಿದ್ದ ಹಿರಿಯೂರಿನವನೊಬ್ಬ. ಅಲ್ಲ, ಆ ಹಾಡುಗಾರನ ಕಿವಿಯನ್ನು ಚಿಕ್ಕಂದಿನಲ್ಲಿ ನಾಯಿ ಕಚ್ಚಿತ್ತು ಎಂದಿದ್ದಳು ಹೊಸದುರ್ಗದವಳು. ಕೋಟೆಯ ಮೇಲೆ ಸೀಳಿದ ಕಿವಿಯಂಥ ಬಂಡೆ ಇದೆ ಎಂಬುದು ಮೂರನೆಯವನ ವಾದ.

“ಯಾರು ಮಾತಾಡ್ತಿರೋದು?” ಎಂದಳು ಸಹನಾ.

“ರಂಗೇಶ್ ಅಂತ. ಆ ಬ್ಯಾಂಡಲ್ಲಿ ಹಾಡೋನು ನಾನೇ ಕಣ್ರಿ. ನನ್ನ ಕಿವಿ ಎರಡೂ ನೆಟ್ಟಗೆ ಅವೆ. ಬೇಕಾದ್ರೆ ಬಂದು ನೋಡ್ರಿ!”

“ಹಾಗಾದ್ರೆ ನಿಜ ಏನಂತ ನೀವೇ ಹೇಳಿ. ಇಷ್ಟು ಜನ ಕಾಯ್ತಿದಾರೆ...”

ಆ ಕಡೆಯಿಂದ ಅದೇ ದನಿ, ಆದರೆ ಗುಡುಗಿಲ್ಲದೆ ಹೇಳಿತು. “ಹೇಳಂಗಿಲ್ಲ.”

ಫೋನ್ ಕಟ್ಟಾಯಿತು.

ಎಂಥಾ ಜಂಬ! ಎಂದುಕೊಂಡಳು ಸಹನಾ. ಆದರೆ ಹೊಳಲ್ಕೆರೆಯ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಆ ಬ್ಯಾಂಡಿನ ಹಾಡುಗಳನ್ನೇ ಕೇಳಿದಳು. ಜಂಬದವನ ದನಿ ಅಷ್ಟು ಮೆತ್ತಗಿರಬಾರದಿತ್ತು.

ಮುಂದಿನ ವಾರ ಹೊಸದುರ್ಗದಲ್ಲಿ ಗಣಪತಿ ಪೆಂಡಾಲಿನ ಮುಂದೆ ಅವರ ಕಾರ್ಯಕ್ರಮವಿತ್ತು. ಸಹನಾ ಸೀದಾ ವೇದಿಕೆಯ ಹಿಂದಕ್ಕೆ ಹೋದಳು. ಗಿಟಾರಿನ ತಂತಿ ಬಿಗಿಯುತ್ತ ಕುಳಿತಿದ್ದವನ ಮುಂದೆ ನಿಂತು, ನಮಸ್ಕಾರ ಕೂಡ ಹೇಳದೆ ಅವನ ಕಿವಿಗಳನ್ನು ನೋಡಿದಳು.

ರಂಗೇಶನಿಗೆ ಯಾರೆಂದು ತಿಳಿದುಹೋಯಿತು. ನಗುತ್ತ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದ. “ಸರಿಯಾಗಿ ನೋಡ್ಕಳ್ರಿ. ಆಮೇಲೆ ನಾಯಿ ಕಚ್ಚಿತ್ತು ಅನ್ಬ್ಯಾಡ್ರಿ.”

ಅವಳಿಗೂ ನಗು ತಡೆಯಲಾಗಲಿಲ್ಲ. ಅಷ್ಟೇ. ಅಲ್ಲೇ ಕತೆ ಶುರುವಾಯಿತು.

ಅಲ್ಲಿಂದ ಮುಂದೆ ಸೀಳುಗಿವಿ ಎಲ್ಲಿ ಹಾಡಿದರೂ ಸಹನಾ ಅಲ್ಲಿರುತ್ತಿದ್ದಳು. ಹಾಡು ಮುಗಿದ ಮೇಲೆ ಮಂಡಕ್ಕಿ ಮಿರ್ಚಿ, ಅದರ ಜೊತೆ ವಾದ. ಯಾವ ಬ್ಯಾಂಡಿಗೆ ಯಾವ ಹೆಸರು ಯಾಕೆ ಬಂತು ಎಂದು ಇಬ್ಬರೂ ಮುಗಿಯದಂತೆ ಕಚ್ಚಾಡುತ್ತಿದ್ದರು. ತಮಟೆ ಬಡಿಯುವ ಕೆಂಚಣ್ಣ ಆಕಳಿಸುತ್ತ ಕುಳಿತಿರುತ್ತಿದ್ದ.

“ಎಲ್ಲಾರ ಹೆಸರಿನ ಜಾಡು ಹಿಡೀತೀಯ. ನಿನ್ನ ಹೆಸರಿಂದೇನು?” ಎಂದು ಒಂದು ದಿನ ಕೇಳಿದ ರಂಗೇಶ್. ‘ರೀ’ ಎಂಬುದು ಅಷ್ಟರಲ್ಲಿ ತಾನಾಗಿಯೇ ಬಿದ್ದುಹೋಗಿತ್ತು.

“ಹುಟ್ಟಿದಾಗ ಬಹಳ ಅಳ್ತಿದ್ನಂತೆ. ಹೆಸರಿಂದಾದ್ರೂ ಸಹನೆ ಬರಲಿ ಅಂತ ನಮ್ಮಜ್ಜಿ ಇಟ್ರು.”

“ಬಂತಾ?”

“ನೀನೇ ಹೇಳು.”

ಅವನು ಅವಳನ್ನೇ ನೋಡಿದ. ಆ ನೋಟದ ಬಿಸಿ ಸಹನಾಳ ಕೆನ್ನೆಯಲ್ಲಿ ಬಹಳ ಹೊತ್ತು ಉಳಿಯಿತು.

ಎಲ್ಲವೂ ಚೆನ್ನಾಗಿತ್ತು... ಆ ಒಂದು ಹಾಡು ಇಲ್ಲದಿದ್ದರೆ.

‘ಲತಾ ಹೋದ ದಾರಿ’. ಸೀಳುಗಿವಿಯ ಅತಿ ಜನಪ್ರಿಯ ಹಾಡು. ‘ಲತಾ ಹೋದ ದಾರೀಲಿ ಧೂಳೇಳಲಿಲ್ಲ...’ ಎಂದು ಶುರು ಮಾಡುವಾಗ ರಂಗೇಶ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬೇರೆ ಯಾವ ಹಾಡಿಗೂ ಅವನು ಹಾಗೆ ಕಣ್ಣು ಮುಚ್ಚುತ್ತಿರಲಿಲ್ಲ. ಅದನ್ನು ಸಹನಾ ಗಮನಿಸಿದ್ದಳು. ಗಮನಿಸದೆ ಇರಲು ಅವಳಿಂದ ಆಗುತ್ತಿರಲಿಲ್ಲ.

“ಯಾರು ರಂಗೇಶ್, ಈ ಲತಾ?”

ಅವನ ಮುಖ ಬಾಡಿತು. “ಅದೊಂದು ಬಿಡು ಸಹನಾ. ಬೇರೆ ಏನ್ ಬೇಕಾದ್ರೂ ಕೇಳು.” ಆಮೇಲೆ ಅಂಜುತ್ತ ಸೇರಿಸಿದ. “ಈ ಸೋಮವಾರ ಸಿಗ್ತೀಯಾ? ನಿನ್ಹತ್ರ ಒಂದು ಮಾತು ಹೇಳ್ಬೇಕು.”

ಸೋಮವಾರದ ಮಾತು ಏನೆಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಆದರೆ ಹೊಟ್ಟೆಕಿಚ್ಚು ಹತ್ತಿದವರಿಗೆ ಇರುವ ಬುದ್ಧಿಯೂ ನಿಲ್ಲುವುದಿಲ್ಲವಲ್ಲ! ಸಹನಾಳ ಕಿವಿಯಲ್ಲಿ ಉಳಿದದ್ದು ಲತಾ ಎಂಬ ಹೆಸರು ಮಾತ್ರ.

ಅವಳು ಕೆಂಚಣ್ಣನನ್ನು ಹಿಡಿದಳು.

“ಲತಾ ಅವನ ಸ್ವಾದರತ್ತೆ ಮಗಳು. ತಾಯಿಲ್ಲದ ಹುಡುಗಿ, ಮದಕರಿಪುರದಾಗೆ ಇವರ ಮನೇಲೇ ಬೆಳೆದ್ಲು,” ಎಂದ ಕೆಂಚಣ್ಣ. “ಇಬ್ರಿಗೂ ಮದ್ವೆ ಅಂತ್ಲೇ ಊರೆಲ್ಲ ಅಂದ್ಕಂಡಿತ್ತು. ಆಮೇಲೆ ಶ್ರೀರಾಂಪುರಕ್ಕೆ ಕೊಟ್ರು. ಅದಕ್ಕಿಂತ ಹೆಚ್ಚು ನಂಗೂ ಗೊತ್ತಿಲ್ಲ ಕಣಮ್ಮ.”

ಉಳಿದದ್ದನ್ನು ಸಹನಾ ತಾನೇ ಹೊಲಿದುಕೊಂಡಳು.

ಆ ಭಾನುವಾರ ‘ಹೆಸರಿನ ಜಾಡು’ ಶುರುವಾದಾಗ ಒಬ್ಬ ಹುಡುಗಿ ಫೋನ್ ಮಾಡಿ ಅದೇ ಹಾಡಿನ ಬಗ್ಗೆ ಕೇಳಿದಳು. ಗೊತ್ತಿಲ್ಲ ಎನ್ನಬಹುದಿತ್ತು. ಸಹನಾ ಕ್ಯಾಮೆರಾ ನೋಡಿ ನಕ್ಕಳು.

“ಬಲ್ಲ ಮೂಲಗಳ ಪ್ರಕಾರ, ಲತಾ ಆ ಹಾಡುಗಾರನ ಹಳೇ ಪ್ರೇಯಸಿ. ಅತ್ತೆ ಮಗಳು. ಇವನನ್ನ ಬಿಟ್ಟು ಶ್ರೀರಾಂಪುರದವರ ಕೈ ಹಿಡಿದಳು. ಧೂಳೂ ಏಳದಷ್ಟು ಮೆಲ್ಲಗೆ ನಡೆದು ಹೋದಳು! ಅವನು ಇವತ್ತಿಗೂ ಅದೇ ದಾರಿ ನೋಡ್ತಿದಾನೆ...”

ಬಲ್ಲ ಮೂಲ! ಆ ಮೂಲ ಅವಳದೇ ಕುದಿಯುವ ಹೊಟ್ಟೆಯಾಗಿತ್ತು.

ಸೋಮವಾರ ಬೆಳಗಾಗುವಷ್ಟರಲ್ಲಿ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ಹಾಡಿಗೆ ಆ ಮಾತು ಜೋಡಿಸಿ ರೀಲ್ಸ್ ಮಾಡಿದರು, ಅಳುವ ಮುಖ ಅಂಟಿಸಿದರು. ಪಾಪಣ್ಣ ಸ್ವೀಟ್ ತಂದರು.

ಸಂಜೆ ರಂಗೇಶ್ ಮಹಡಿ ಮೆಟ್ಟಿಲು ಹತ್ತಿ ಬಂದ. ಅದು ಅವನು ಮಾತು ಹೇಳಬೇಕಿದ್ದ ಸೋಮವಾರ.

“ನಿಮಗ್ಯಾರ್ರಿ ಹೇಳಿದ್ದು?”

‘ರೀ’ ವಾಪಸ್ ಬಂದಿತ್ತು.

“ನೀನು ಹೇಳ್ಲಿಲ್ವಲ್ಲ! ಸುಳ್ಳಾದ್ರೆ ಈಗ ಹೇಳು, ನಿಜ ಏನು?”

“ಹೇಳಂಗಿಲ್ಲ.” ಅವನ ದನಿ ಒಡೆಯಿತು. “ಲತಾನ ಗಂಡ ಮಂಜಣ್ಣ ಅವಳ ಜತೆ ಮಾತು ಬಿಟ್ಟವ್ನೆ. ಅವಳು ಬಡಿಸಿದ್ದು ಉಣ್ತಿಲ್ಲ. ನಾನು ಹೋಗಿ ಅಂಗಲ್ಲಪ್ಪ ಅನ್ನಾಣ ಅಂದ್ರೆ, ನಾನು ಆ ಊರಿಗೆ ಕಾಲಿಟ್ರೇನೇ ಇನ್ನೊಂದು ಕತೆ ಹುಟ್ಟುತ್ತೆ. ನೀವು ನನ್ನ ಬೈದಿದ್ರೆ ಸಹಿಸ್ಕಂತಿದ್ದೆ ಕಣ್ರಿ. ಅವಳೇನ್ ಮಾಡಿದ್ಲು ನಿಮಗೆ?”

ಉತ್ತರಕ್ಕೆ ಕಾಯದೆ ಅವನು ಮೆಟ್ಟಿಲಿಳಿದ.

ಅವನು ಹೋದ ಮೇಲೆ ಅವಳು ಆ ವಿಡಿಯೊ ಅಳಿಸಿಹಾಕಿದಳು. ಆದರೆ ಊರವರ ಫೋನಿನಿಂದ ಅಳಿಸುವುದು ಹೇಗೆ? ಮನೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯರು ಅದನ್ನೇ ನೋಡುತ್ತಿದ್ದರು. “ಪಾಪ, ಎಂಥಾ ಮೋಸಗಾತಿ ಅಲ್ವೇನೆ ಆ ಲತಾ!” ಎಂದಳು ಒಬ್ಬಳು. ಅವಳಲ್ಲ, ನಾನು... ಎಂದು ಕೂಗಬೇಕೆನಿಸಿತು ಸಹನಾಳಿಗೆ. ಕೂಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಳು.

ತಟ್ಟೆಯ ಮುಂದೆ ಕುಳಿತಾಗಲೆಲ್ಲ, ತಾನು ಕಾಣದ ಹೆಣ್ಣೊಬ್ಬಳು ಬಡಿಸಿದ ತಟ್ಟೆಯನ್ನು ಗಂಡ ಪಕ್ಕಕ್ಕೆ ಸರಿಸುವುದು ಕಣ್ಣಿಗೆ ಕಟ್ಟುತ್ತಿತ್ತು. ಆ ವಾರವೇ ಒಂದು ಬೆಳಿಗ್ಗೆ ಅವಳು ಹೊಸದುರ್ಗದ ಬಸ್ ಹತ್ತಿ, ಅಲ್ಲಿಂದ ಶ್ರೀರಾಂಪುರಕ್ಕೆ ಹೋದಳು.

ಲತಾಳ ಮನೆಯ ಅಂಗಳದಲ್ಲಿ ಅವಳ ಅತ್ತೆ ಓಬವ್ವ ಕುರಿ ಉಣ್ಣೆ ಹಿಂಜುತ್ತ ಕುಳಿತಿದ್ದರು.

“ಯಾರವ್ವ ನೀನು?”

“ಸಹನಾ ಅಂತ ಅಮ್ಮ. ಫೋನಲ್ಲಿ ನಿಮ್ಮ ಸೊಸೆ ಬಗ್ಗೆ ಮಾತಾಡಿದ್ದು... ನಾನೇ.”

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತಳು. ಓಬವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಒಳಗೆ ತಿರುಗಿ, “ಲತಾ, ಒಂದು ಚೊಂಬು ನೀರು ತಗಂಬಾ,” ಎಂದರು.

ನೀರು ತಂದವಳು ಸಣಕಲು ಹುಡುಗಿ. ಕಣ್ಣು ಊದಿಕೊಂಡಿದ್ದವು. ಸಹನಾ ಆ ಚೊಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಂದೆರಡು ಏಟು ಬಿದ್ದಿದ್ದರೂ ಇದಕ್ಕಿಂತ ವಾಸಿಯಿತ್ತು.

ಲತಾ ಅವಳನ್ನು ಮನೆಯ ಹಿಂದೆ, ಕುರಿ ಕೂಡಿಹಾಕುವ ರೊಪ್ಪದ ಬಳಿಗೆ ಕರೆದೊಯ್ದಳು. ಮಂಜಣ್ಣ ಮಂದೆ ಹೊಡೆದುಕೊಂಡು ಮೇವಿಗೆ ಹೋಗಿದ್ದ. ರೊಪ್ಪ ಖಾಲಿಯಿತ್ತು.

“ನನ್ನ ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ...” ಸಹನಾ ಅಳತೊಡಗಿದಳು. “ಹೊಟ್ಟೆಕಿಚ್ಚಿಗೆ ಹೇಳಿಬಿಟ್ಟೆ. ಅವನು ನಿಮ್ಮನ್ನೇ ಮನಸ್ಸಲ್ಲಿ ಇಟ್ಕೊಂಡಿದಾನೆ ಅಂತ...”

ಲತಾ ಅವಳನ್ನೇ ನೋಡಿದಳು. “ಅಂದ್ರೆ ನಮ್ಮ ರಂಗ ಹೇಳ್ತಿದ್ದ ಹುಡುಗಿ ನೀನೇ? ಜಗಳಗಂಟಿ, ಆದ್ರೆ ಬಾಳ ಒಳ್ಳೇಳು ಅಂದಿದ್ದ.”

ಸಹನಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

“ಕುಂತ್ಕೋ,” ಎಂದಳು ಲತಾ. “ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ. ಒಬ್ಳೇ ಹೊತ್ಕಂಡು ನಂಗೂ ಸಾಕಾಗೈತೆ.”

ಹೇಳಿದಳು. ಅವಳು ಹುಟ್ಟಿದಾಗ ಸೋದರಮಾವ ಜುಂಜಣ್ಣ, ಅಂದರೆ ರಂಗೇಶನ ಅಪ್ಪ, ಒಂದು ಹೆಣ್ಣು ಮರಿಯನ್ನು ಅವಳ ಹೆಸರಿಗೆ ಬಿಟ್ಟಿದ್ದರು. ಅವರ ಕಡೆ ಹಾಗೆಯೇ. ಆ ಮರಿ ಬೆಳೆದು ಈದದ್ದೆಲ್ಲ ಆ ಹುಡುಗಿಯದೇ ಪಾಲು. ಮಾವನ ಮಂದೆಯಲ್ಲೇ ಮೇಯುತ್ತದೆ. ಬೆರೆತುಹೋಗಬಾರದೆಂದು ಅವಳ ಪಾಲಿನ ಕುರಿಗಳ ಎಡಗಿವಿಯ ತುದಿಯನ್ನು ಸೀಳಿ ಗುರುತು ಮಾಡಿರುತ್ತಾರೆ.

“ಸೀಳುಗಿವಿ...” ಎಂದಳು ಸಹನಾ.

“ಊಂ. ಮದ್ವೆಯಾಗಿ ಹೋಗೋವಾಗ ಮದುಮಗಳ ಹಿಂದೆ ಅವಳ ಪಾಲಿನ ಕುರಿ ಹೊಡಕಂಡು ಬರ್ತಾರೆ. ದಾರಿಯೆಲ್ಲ ಧೂಳೇಳುತ್ತೆ. ಧೂಳು ನೋಡೇ ಗಂಡನ ಊರೋರು, ಹೆಣ್ಣು ಬಂತು ಅಂತ ಎದ್ದು ನಿಂತ್ಕಂತಾರೆ. ನನ್ನ ಹಿಂದೆ ಧೂಳೇಳಲಿಲ್ಲ.”

ರಂಗೇಶ್ ಆಗ ಬಾಡಿಗೆ ಗಿಟಾರಿನಲ್ಲಿ ಹಾಡುತ್ತಿದ್ದನಂತೆ. ಒಂದು ಕಾರ್ಯಕ್ರಮದ ನಡುವೆಯೇ, ಬಾಡಿಗೆ ಬಾಕಿಯೆಂದು ಆರ್ಕೆಸ್ಟ್ರಾ ಮಾಲೀಕ ಎಲ್ಲರೆದುರು ಗಿಟಾರು ಕಿತ್ತುಕೊಂಡ. ಮನೆಗೆ ಬಂದು ಇನ್ನು ಹಾಡುವುದಿಲ್ಲ ಎಂದು ಮಲಗಿದವನನ್ನು ನೋಡಲಾಗದೆ, ಲತಾ ಮಾವನ ಹತ್ತಿರ ಹಟ ಹಿಡಿದು ತನ್ನ ಪಾಲಿನ ಕುರಿಗಳನ್ನೆಲ್ಲ ಮಾರಿಸಿದಳು. ಗಿಟಾರು, ಸ್ಪೀಕರ್ ಎಲ್ಲ ಅದರಿಂದಲೇ ಬಂದವು.

“ಒಂದೇ ತಟ್ಟೇಲಿ ಉಂಡು ಬೆಳೆದೋರು ನಾವು. ನಮ್ಮಿಬ್ರ ಮದ್ವೆ ಅಂದ್ರೆ ಇಬ್ರಿಗೂ ನಗು ಬರೋದು. ಆದ್ರೆ ಇಲ್ಲಿಯೋರಿಗೆ ಏನಂತ ಹೇಳ್ಳಿ? ಕುರಿಗೆ ರೋಗ ಬಂದು ಎಲ್ಲ ಸತ್ವು ಅಂದ್ವಿ. ಮದ್ವೆ ದಿನಾನೇ ಗಂಡನಿಗೆ ಸುಳ್ಳು ಹೇಳ್ದೆ. ಈಗ ನಿಜ ಹೇಳಿದ್ರೆ, ಮಾವನ ಮಗನಿಗೋಸ್ಕರ ಪಾಲು ಮಾರಿದ್ಲು ಅಂದ್ರೆ... ನಿನ್ನ ಕತೆಗೆ ಸಾಕ್ಷಿ ಸಿಕ್ಕಂಗಾಗಲ್ವ?”

ಅದಕ್ಕೇ ಅವನು ‘ಹೇಳಂಗಿಲ್ಲ’ ಎನ್ನುತ್ತಿದ್ದದ್ದು! ಹಾಡುವಾಗ ಕಣ್ಣು ಮುಚ್ಚುತ್ತಿದ್ದದ್ದು ಪ್ರೀತಿಗಲ್ಲ, ತಪ್ಪಿತಸ್ಥನ ಸಂಕಟಕ್ಕೆ.

ಬ್ಯಾಂಡಿನ ಹೆಸರಿನ ನಿಜ, ಹಾಡಿನ ಹೆಸರಿನ ನಿಜ ಎರಡೂ ಈಗ ಸಹನಾಳ ಮಡಿಲಲ್ಲಿದ್ದವು. ಎಂದೂ ಬಾಯಿ ಬಿಡಬಾರದ ನಿಜಗಳು. ಅವಳು ಲತಾಳ ಎರಡೂ ಕೈ ಹಿಡಿದು, “ನನ್ನಿಂದ ಒಂದಕ್ಷರ ಹೊರಗೆ ಬರಲ್ಲ,” ಎಂದಳು.

ಭಾನುವಾರ ಬಂತು. ಕ್ಯಾಮೆರಾದ ಹಿಂದೆ ಪಾಪಣ್ಣ ಬೇಡವೆಂದು ಕೈ ಆಡಿಸುತ್ತಲೇ ಇದ್ದರು. “ಯಮ್ಮಾ, ನಿನ್ನ ಮಾನ ನೀನೇ ಕಳ್ಕಂತೀಯಲ್ಲೇ!”

ಸಹನಾ ಅವರತ್ತ ನೋಡಲಿಲ್ಲ.

“ಹೋದ ವಾರ ‘ಲತಾ ಹೋದ ದಾರಿ’ ಬಗ್ಗೆ ನಾನು ಹೇಳಿದ್ದು ಸುಳ್ಳು. ನನಗೆ ಯಾವ ಮೂಲವೂ ಇರಲಿಲ್ಲ. ನಾನೇ ಕಟ್ಟಿದ ಕತೆ. ಆ ಹಾಡುಗಾರನನ್ನ ನಾನು ಪ್ರೀತಿಸ್ತೀನಿ. ಅವನ ಹಾಡಲ್ಲಿ ಇನ್ನೊಂದು ಹೆಣ್ಣಿನ ಹೆಸರು ಕೇಳಿ ಸಹಿಸೋಕಾಗಲಿಲ್ಲ. ಅಷ್ಟಕ್ಕೆ ಒಬ್ಬ ಮರ್ಯಾದಸ್ಥ ಹೆಣ್ಣುಮಗಳ ಮೇಲೆ ಕೆಸರು ಎರಚಿದೆ. ಆಕೆ ತಪ್ಪು ಏನೂ ಇಲ್ಲ. ಬೈಯೋದಿದ್ರೆ ನನ್ನ ಬೈಯಿರಿ. ಆ ಹಾಡಿನ ನಿಜ ಏನಂತ ಕೇಳಬೇಡಿ, ಅದು ನಂದಲ್ಲ. ಇನ್ಮೇಲೆ ಯಾರ ಹೆಸರನ್ನೂ ಅವರನ್ನ ಕೇಳದೆ ನಾನು ಮುಟ್ಟಲ್ಲ.”

ಜನ ಬೈದರು. ಹೊಟ್ಟೆ ತುಂಬ ಬೈದರು. ಸಹನಾ ಒಂದೊಂದನ್ನೂ ಓದಿದಳು.

ಶ್ರೀರಾಂಪುರದ ಆ ಮನೆಯಲ್ಲಿ ಮಂಜಣ್ಣ ಫೋನ್ ಹಿಡಿದು ಕಲ್ಲಿನಂತೆ ಕುಳಿತಿದ್ದ. ಬಾಗಿಲ ಬಳಿ ನಿಂತಿದ್ದ ಲತಾ ಎಲ್ಲ ಕೇಳಿಸಿಕೊಂಡಳು. ಊರಿನೆದುರು ಅಷ್ಟೊಂದು ಹೇಳಿದಳಲ್ಲ ಆ ಹುಡುಗಿ, ತನ್ನ ಗಂಡನೆದುರು ತಾನು ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

“ಅವಳು ಹೇಳಿದ್ದಂತೂ ಸುಳ್ಳು. ಆದ್ರೆ ನಾನೂ ಒಂದು ಸುಳ್ಳು ಹೇಳೀನಿ... ನನ್ನ ಕುರಿ ಸತ್ತಿರ್ಲಿಲ್ಲ,” ಎಂದು ಶುರು ಮಾಡಿದಳು. ಅಳುತ್ತಳುತ್ತ ಎಲ್ಲ ಮುಗಿಸಿದಳು.

ಮಂಜಣ್ಣ ಏನೂ ಅನ್ನುವ ಮೊದಲೇ ಓಬವ್ವನ ದನಿ ಬಂತು. “ಧೂಳೇಳಲಿಲ್ಲ ಅಂತ ಆ ಹುಡುಗ ಹಾಡಿದಾಗ್ಲೇ ನಂಗೆ ಗೊತ್ತಾತು ಕಣೆ. ಕುರಿ ಸತ್ತಿದ್ರೆ ಅವ್ನು ಯಾಕೆ ಅಂಗೆ ಅತ್ಕಂಡು ಹಾಡ್ತಿದ್ದ? ನಿನ್ನ ಬಾಯಿಂದ್ಲೇ ಬರ್ಲಿ ಅಂತ ಕುಂತಿದ್ದೆ. ಲೇ ಮಂಜ, ಮಾವನ ಮಗನಿಗೇ ಇಷ್ಟು ಮಾಡಿದೋಳು, ಗಂಡನಿಗೆ ಇನ್ನೆಷ್ಟು ಮಾಡ್ಯಾಳು... ಅದ್ನ ಯೋಚ್ನೆ ಮಾಡು.”

ಮಂಜಣ್ಣ ಫೋನ್ ಕೆಳಗಿಟ್ಟ. “ಕುರಿ ಹೋದ್ರೆ ಹೋಗ್ಲಿ. ನನ್ಹತ್ರ ಯಾಕೆ ಮುಚ್ಚಿಟ್ಟೆ?” ಎಂದ ಕೊನೆಗೆ. ಆಮೇಲೆ ಕೈ ತೊಳೆದು ಬಂದು ತಟ್ಟೆ ಮುಂದೆ ಕುಳಿತ.

ಸಹನಾಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ರಂಗೇಶನ ಫೋನೂ ಇಲ್ಲ, ಸುದ್ದಿಯೂ ಇಲ್ಲ. ಅವನು ಬರದಿದ್ದರೂ ಪರವಾಗಿಲ್ಲ, ಆ ಮನೆಯೊಂದು ಸರಿಹೋಗಲಿ ಎಂದು ಬೇಡಿಕೊಳ್ಳುತ್ತಿದ್ದಳು.

ದಸರಾ ಕಳೆದ ಮೇಲೆ ಒಂದು ದಿನ ಅವನ ಫೋನ್ ಬಂತು. “ನಾಳೆ ಬೆಳಿಗ್ಗೆ ಶ್ರೀರಾಂಪುರದ ಹತ್ರ ಬರ್ತೀರಾ? ಲತಾ ಕರ್ಕಂಬಾ ಅಂದವ್ಳೆ.” ಇನ್ನೂ ‘ರೀ’! ಆದರೂ ಹೋದಳು.

ಊರಿನ ಹೊರಗೆ ಒಂದು ಗೂಡ್ಸ್ ಗಾಡಿ ನಿಂತಿತ್ತು. ಹೆಗಲ ಮೇಲೆ ಕಂಬಳಿ ಹಾಕಿದ್ದ ರಂಗೇಶನ ಅಪ್ಪ ಜುಂಜಣ್ಣ ಒಂದೊಂದೇ ಕುರಿಯನ್ನು ಕೆಳಗಿಳಿಸುತ್ತಿದ್ದರು. ಎಲ್ಲದರ ಎಡಗಿವಿಯ ತುದಿ ಸೀಳಿತ್ತು, ಆಗಲೇ ಮಾಯ್ದ ಗಾಯ. ಮಾರಿಹೋದ ಲತಾಳ ಪಾಲಿಗೆ ಬದಲಾಗಿ ತಮ್ಮ ಮಂದೆಯಿಂದಲೇ ಆರಿಸಿ ತಂದಿದ್ದರು.

“ತಾರು ರೋಡಿನಾಗೆ ಧೂಳೆಲ್ಲಿಂದ ಏಳಬೇಕು?” ಎಂದು ಗೊಣಗಿ, “ಬಂಡಿ ಜಾಡಲ್ಲಿ ಹೋಗಾಣ ನಡೀರಿ,” ಎಂದು ಅವರು ಮುಂದೆ ನಡೆದರು.

ಕುರಿಗಳು ಮಣ್ಣಿನ ದಾರಿಗಿಳಿದವು. ಕೆಂಪು ಧೂಳು ಮೆಲ್ಲಗೆ ಎದ್ದು, ಆಮೇಲೆ ದಟ್ಟವಾಗಿ ದಾರಿಯನ್ನೆಲ್ಲ ತುಂಬಿತು. ದೂರದಲ್ಲಿ ಮನೆಯ ಮುಂದೆ ಯಾರೋ ಎದ್ದು ನಿಂತರು. ಓಬವ್ವ. ಪಕ್ಕದಲ್ಲಿ ಮಂಜಣ್ಣ. ಅವರ ನಡುವಿನಿಂದ ಲತಾ ಎರಡೂ ಕೈ ಬಾಯಿಗೆ ಒತ್ತಿಕೊಂಡು ಓಡಿ ಬರುತ್ತಿದ್ದಳು.

ಸಹನಾ ಎಲ್ಲರಿಗಿಂತ ಹಿಂದೆ ಉಳಿದಳು. ಮುಂದೆ ಹೋಗುವ ಯೋಗ್ಯತೆ ತನಗಿಲ್ಲ ಎನಿಸಿತ್ತು. ರಂಗೇಶ್ ನಡಿಗೆ ನಿಧಾನ ಮಾಡಿ ಅವಳ ಪಕ್ಕಕ್ಕೆ ಬಂದ.

“ನಂಗೆ ಬಾಳ ಸಿಟ್ಟಿತ್ತು.”

“ಇರಬೇಕಾದ್ದೇ.”

“ನನ್ನ ಮೇಲೂ ಇತ್ತು. ನಿಂಗೆ ಆಗ್ಲೇ ಹೇಳಿದ್ರೆ ಇಷ್ಟಾಗ್ತಿರ್ಲಿಲ್ಲ. ನನ್ನ ತಪ್ಪು ನಾನು ಹಾಡಲ್ಲಿ ಮುಚ್ಚಿಟ್ಟೆ. ನೀನು ಮುಚ್ಚಿಡದೆ ಹೇಳ್ದೆ.”

ನೀನು! ಸಹನಾಳ ಹೆಜ್ಜೆ ನಿಂತುಹೋಯಿತು.

“ಅವತ್ತು ಊರೋರಿಗೆಲ್ಲ ಹೇಳಿದ್ಯಲ್ಲ,” ಎಂದ ಅವನು. “ನನ್ನ ಮುಂದೆ ಒಂದ್ಸಲ ಹೇಳು.”

“ಪ್ರೀತಿಸ್ತೀನಿ ರಂಗೇಶ್. ಆದ್ರೆ ನಾನು ಒಳ್ಳೆಯವಳಲ್ಲ...”

“ನಾನು ಸೋಮವಾರ ಹೇಳ್ಬೇಕಂತಿದ್ದ ಮಾತೂ ಅದೇ. ಮೊದಲನೇ ಅರ್ಧ ಮಾತ್ರ.” ಅವನು ಅವಳ ಕೈ ಹಿಡಿದುಕೊಂಡ. “ಭಾನುವಾರ ಜನ ಕೇಳ್ತಾರೆ. ಸೀಳುಗಿವಿ ಅಂದ್ರೇನು, ಲತಾ ಯಾರು ಅಂತ. ಈಗ ಹೇಳಿದ್ರೂ ತೊಂದ್ರೆ ಇಲ್ಲ ಅಂದವ್ಳೆ ಲತಾ. ಹೇಳ್ತೀಯಾ?”

“ಹೇಳಂಗಿಲ್ಲ,” ಎಂದಳು ಸಹನಾ.

ಅವನು ಗಟ್ಟಿಯಾಗಿ ನಕ್ಕುಬಿಟ್ಟ. “ಹೊಸ ಹಾಡೊಂದು ಕಟ್ಟಿದೀನಿ. ಹೆಸರು ‘ಸಹನಾ’. ಅದರ ಜಾಡು ಕೇಳಿದ್ರೆ ನಾನೇ ಹೇಳ್ತೀನಿ.”

“ಏನಂತ?”

“ಹುಟ್ಟಿದಾಗ ಬಹಳ ಅಳ್ತಿದ್ಲಂತೆ. ಈಗ್ಲೂ ಅಳ್ತಾಳೆ.”

“ಅಳ್ತಿಲ್ಲ... ಧೂಳು ಕಣ್ಣಿಗೆ ಬಿತ್ತು.”

“ಬೀಳ್ಲಿ ಬಿಡು,” ಎಂದ ರಂಗೇಶ್, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. “ಈ ಧೂಳಿಗೇ ಅಲ್ವಾ ಇಷ್ಟು ದಿನ ಕಾದಿದ್ದು.”